ಸೀಸೆಯೊಳಗೆ ಲಾವಂಚ

ಎಂಬತ್ತರ ದಶಕದಲ್ಲಿ ಸವಳಂಗದಾಚೆಯ ನಮ್ಮೂರಿಗೆ ನೀರು ಪರೀಕ್ಷೆ ಮಾಡುವವರೊಬ್ಬರು ಬರುತ್ತಿದ್ದರು. ಬಸ್ಸಿನಲ್ಲಿ ಸೀಸೆಗಳ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿರುತ್ತಿದ್ದರು. ಮೇಲಿನ ಕಾರ್ಖಾನೆಯೊಂದು ಹಳ್ಳಕ್ಕೆ ಬಿಡುತ್ತಿದ್ದ ರಾಸಾಯನಿಕ ನಮ್ಮ ಕುಡಿಯುವ ಬಾವಿಗೂ ಇಳಿದಿದೆಯೇನೋ ಎಂದು ಊರಿಗೆಲ್ಲ ಭಯ.

"ನೀರಿಗೆ ನಾಚಿಕೆ ಇಲ್ರೀ, ಕೇಳಿದ್ರೆ ಎಲ್ಲಾ ಹೇಳ್ತೈತೆ" ಎನ್ನುವುದು ಅವರ ಮಾತು. ಯಾವ ಊರಿಗೆ ಹೋದರೂ ಪರೀಕ್ಷೆ ಮುಗಿಯುವ ತನಕ ಅಲ್ಲಿನ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ಒಮ್ಮೆ ಬಾವಿ ನೀರಿನ ಸೀಸೆಯನ್ನು ನಮ್ಮ ಜಗಲಿಯಲ್ಲಿಟ್ಟು ಕೈಪಂಪಿನ ಕಡೆ ಹೋದರು. ಹಿಂತಿರುಗಿ, ಬಿರಡೆ ತೆಗೆದು, ರೂಢಿಯಂತೆ ಕಣ್ಣು ಮುಚ್ಚಿ ಮೂಸಿದರು. ಘಮ್ಮೆನ್ನುವ ಲಾವಂಚ!

ನಮ್ಮಜ್ಜಿ ಹೆಮ್ಮೆಯಿಂದಲೇ ಒಪ್ಪಿಕೊಂಡಳು: "ಊರಿನ ಮರ್ಯಾದೆ ಅಲ್ಲೇನ್ರೀ? ಬರೀ ನೀರು ಹೆಂಗೆ ಕಳ್ಸಾಕೆ ಆಗ್ತೈತೆ? ಅದೇ ಬಾವಿದು, ಸೋಸಿ ಲಾವಂಚ ಹಾಕಿದ ಮಡಕೆ ನೀರು ತುಂಬ್ಸಿದೀನಿ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬೇರೆ ಸೀಸೆ ಹಿಡಿದು ಮತ್ತೆ ಬಾವಿಗೆ ನಡೆದರು.

ತಿಂಗಳಾದ ಮೇಲೆ ಬಂದಾಗ ಊರೆಲ್ಲ ಅವರ ಬಾಯನ್ನೇ ನೋಡುತ್ತಿತ್ತು. ಅವರು ನಿಧಾನವಾಗಿ ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕುಳಿತು, ಒಳಗೆ ಕೇಳುವಂತೆ ಕೂಗಿದರು:

"ಅಜ್ಜೀ, ನಿಮ್ಮ ಲಾವಂಚದ ನೀರು ಒಂದು ಚೊಂಬು ಕೊಡ್ರಿ."