ಶಿವಗಂಗಾ ಅಕ್ಕೋರ ಚರಗದ ಊಟ

ಶಿವಗಂಗಾ ಅಕ್ಕೋರು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ಸಂಶಿಯಲ್ಲಿ ಬಾಡಿಗೆ ಖೋಲಿ, ಒಂಟಿ ಜೀವ. ಶಾಲೆ ಇರುವ ಊರಲ್ಲಿ ಜಾತಿ ಕೇಳಿದವರೆಲ್ಲ ಖೋಲಿ ಕೊಡದೆ ಬಾಗಿಲು ಮುಚ್ಚಿದ್ದರು.

ಅವರ ಪಾಠದ ರೀತಿ ಬೇರೆ. ಕತೆಯಲ್ಲಿ ಯಾರಿಗಾದರೂ ಅವಮಾನವಾಗುವ ಜಾಗ ಬಂದರೆ ಪುಸ್ತಕ ಮುಚ್ಚಿಸುತ್ತಾರೆ. ‘ನೀ ಅಲ್ಲಿ ಬಾಜೂಕ ಕುಂತಿದ್ರ ಏನಂತಿದ್ದಿ? ಎದ್ದು ಅನ್ನು. ಒದರಬ್ಯಾಡ, ಅಳಬ್ಯಾಡ, ಮಾರಿ ನೋಡಿ ಕೇಳು.’ ಪದ್ಯ ಮರೆತರೂ ಇದು ಬದುಕಿಗೆ ಬೇಕು ಎಂಬುದು ಅವರ ಹಟ. ಹೆಡ್‌ಮಾಸ್ತರ ಸುಭಾಸ ನಗುತ್ತಾರೆ: ‘ನಾಟಕ ಕಂಪನಿ ತಗದೀರೇನ್ರಿ ಅಕ್ಕೋರ? ಪರೀಕ್ಷಾದಾಗ ಪ್ರಶ್ನಿ ಕೇಳಾವ್ರು ನಾವ, ಹುಡುಗ್ರಲ್ಲ.’

ಎಳ್ಳ ಅಮಾವಾಸ್ಯೆಗೆ ಇಲ್ಲಿ ಹೊಲಕ್ಕೆ ಬುತ್ತಿ ಒಯ್ದು, ಮೊದಲ ತುತ್ತನ್ನು ಬೆಳೆಗೆ ಚರಗವೆಂದು ಚೆಲ್ಲಿ, ಕರೆದವರೊಂದಿಗೆ ಕೂತು ಉಣ್ಣುತ್ತಾರೆ. ಉಳಿದ ಮಾಸ್ತರರನ್ನು ಹುಡುಗರು ಪೈಪೋಟಿಯಿಂದ ಎಳೆದೊಯ್ಯುತ್ತಾರೆ. ಈ ಅಕ್ಕೋರನ್ನು ಯಾರೂ ಕರೆದಿರಲಿಲ್ಲ. ಹೋದ ವರ್ಷ ಹತ್ತನೇ ತರಗತಿಯ ಅಮೃತಾ ಕರೆದಳು. ‘ಬರ್ರಿ ಅಕ್ಕೋರ, ನಮ್ಮ ಆಯಿಗೆ ಹೇಳೇನಿ.’ ಅಕ್ಕೋರು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು ಹೋದರು.

ಕಡಲೆ ಹೊಲದ ಬದುವಿನಲ್ಲಿ ಎಲ್ಲರಿಗೂ ಸ್ಟೀಲ್ ತಾಟು ಇಟ್ಟರು. ಅಕ್ಕೋರಿಗೆ ಮಾತ್ರ ಕಾಗದದ್ದು, ಒಂದು ಮಾರು ಆಚೆ. ಅಮೃತಾ ತನ್ನ ಅಜ್ಜಿ ಶಾರದವ್ವನ ಮಾರಿ ನೋಡಿ, ದನಿ ಏರಿಸದೆ ಕೇಳಿದಳು:

‘ಆಯಿ, ಅಕ್ಕೋರಿಗೆ ಯಾಕ ಬ್ಯಾರೆ ತಾಟು?’

‘ಸುಮ್ನ ಉಣ್ಣ ಬೇ. ತೊಳಿಯೂದು ಉಳೀತೈತಿ.’

‘ಹಂಗಾರ ನಮಗೂ ಕಾಗದದ್ದ ಕೊಡು.’

ಉಣ್ಣುವ ಕೈಗಳು ನಿಂತವು. ಹುಡುಗಿ ಅಕ್ಕೋರ ಕಡೆ ತಿರುಗಿದಳು.

ನೂರು ಜನರ ನಡುವೆ ನಿಂತು ಇಂಥ ತಾಟು ಒದೆಯುವುದು ಸುಲಭ. ಈ ಕತೆ ಹೇಳುವ ನಾವೂ ಹೋರಾಟದ ಸಭೆಗಳಲ್ಲಿ ಒದ್ದಿದ್ದೇವೆ, ಚಪ್ಪಾಳೆಯೂ ಬಿದ್ದಿದೆ. ಇಲ್ಲಿ ಅಕ್ಕೋರು ಒಬ್ಬರೇ. ವರ್ಷಗಟ್ಟಲೆ ಕಾದು ಸಿಕ್ಕ ಒಂದು ಪಂಕ್ತಿ.

‘ಇರ್ಲಿ ಬಿಡವ್ವಾ, ನನಗಿದ ಚಲೋ,’ ಎಂದು ಕಡುಬು ಮುರಿದರು.

‘ನೋಡು, ಅಕ್ಕೋರಿಗೆ ತಿಳೀತೈತಿ. ನಿಂದ ಬಾಯಿ ಬಾಳ ಆತು,’ ಎಂದು ಶಾರದವ್ವ ಇನ್ನೊಂದು ಕಡುಬನ್ನು ಮೇಲಿಂದಲೇ ಉದುರಿಸಿದಳು.

ಅಮೃತಾ ಉಣ್ಣದೆ ಎದ್ದು ಹೋದಳು. ಮರುದಿನ ತರಗತಿಯಲ್ಲಿ ಅಕ್ಕೋರು ಪುಸ್ತಕ ಮುಚ್ಚಿಸಿ, ‘ನೀ ಏನಂತಿದ್ದಿ ಅಮೃತಾ?’ ಎಂದಾಗ ‘ಗೊತ್ತಿಲ್ರಿ’ ಎಂದು ಕೂತಳು. ವರ್ಷ ಮುಗಿಯುವವರೆಗೂ ಅಷ್ಟೇ.

ಈ ಸಲ ಮೂರು ಮನೆಯಿಂದ ಕರೆ ಬಂತು. ‘ನೀವು ಅಗದಿ ಹೊಂದ್ಕೊಂಡು ಹೋಗಾವ್ರು’ ಎಂದರು. ಅಕ್ಕೋರು ಯಾರ ಹೊಲಕ್ಕೂ ಹೋಗಲಿಲ್ಲ.

ಅಮೃತಾ ಈಗ ಕುಂದಗೋಳದ ಕಾಲೇಜಿಗೆ ಹೋಗುತ್ತಾಳೆ. ಬೆಳಿಗ್ಗೆ ಸಂಶಿಯಿಂದ ಬಂದು ಅಕ್ಕೋರು ಇಳಿಯುವ ಬಸ್ಸನ್ನೇ ಅವಳು ಹತ್ತಬೇಕು. ಅಕ್ಕೋರು ಮುಂದಿನ ಬಾಗಿಲಿಂದ ಇಳಿದರೆ, ಅವಳು ಹಿಂದಿನದಕ್ಕೆ ನಡೆಯುತ್ತಾಳೆ.