ಶುಕ್ರವಾರಕ್ಕೆ ಮುಂಚೆ ಹೊಳೆಯಬಾರದು

ಬೂಟಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಜೋಡಿಯಕ್ಕ ಎಂದೇ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ಎಡಗಾಲಿನ ಬುಟ್ಟಿಯಿಂದ ಒಂದು, ಬಲಗಾಲಿನ ಬುಟ್ಟಿಯಿಂದ ಒಂದು ತೆಗೆದು, ಅಳತೆ ನೋಡಿ ಡಬ್ಬಿಗೆ ಹಾಕುವುದು. ದಿನಕ್ಕೆ ಆರುನೂರು ಜೊತೆ. ಬಸ್ಸಿನಲ್ಲೂ ಜನರ ಮುಖ ಬಿಟ್ಟು ಪಾದ ನೋಡುವ ಚಟ ಅಂಟಿಕೊಂಡಿತ್ತು. ಆದರೂ ಮನುಷ್ಯರ ಕಣ್ಣಲ್ಲವೇ, ಆಗಾಗ ಏಳನೇ ಅಳತೆಯ ಎಡಕ್ಕೆ ಎಂಟರ ಬಲ ಗಂಟುಬೀಳುತ್ತಿತ್ತು. ಗಿರಾಕಿಗಳು ಸುಮ್ಮನಿರುತ್ತಾರೆಯೇ? ಕಳೆದ ತಿಂಗಳು ಒಬ್ಬ ಎರಡೂ ಎಡಗಾಲಿನ ಬೂಟು ತಂದು ಗೇಟಿನಲ್ಲಿ ದೊಡ್ಡ ರಂಪ ಮಾಡಿದ. "ಇನ್ನೊಂದು ದೂರು ಬಂದ್ರೆ ನೀವು ಮನೆಗೆ," ಎಂದರು ಮ್ಯಾನೇಜರು. ಗಂಡ ಸೊಂಟ ಹಿಡಿದು ಕೂತಿದ್ದಾನೆ, ಒಲೆ ಉರಿಯುವುದು ಇವಳೊಬ್ಬಳ ಸಂಬಳದಲ್ಲಿ. ಅವಳಿಗೆ ನಿಜವಾಗಿಯೂ ಭಯವಾಯಿತು.

ಮ್ಯಾನೇಜರು, ಪುಣ್ಯಾತ್ಮರು, ಆಗಷ್ಟೇ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು. ಹೊಸ ವಿಚಾರ ಹುಟ್ಟುವುದು ನಾಲ್ಕು ಹಂತದಲ್ಲಂತೆ. ಜೋಡಿ ತಪ್ಪುವ ಸಮಸ್ಯೆಗೆ ಗೋಡೆಯ ಮೇಲೆ ವೇಳಾಪಟ್ಟಿಯೇ ಬಂತು: ಸೋಮವಾರ, ಮಂಗಳವಾರ ಮಾಹಿತಿ ಕೂಡಿಸುವುದು. ಬುಧವಾರ, ಗುರುವಾರ ಕಾವು ಕೂರುವುದು. ಸಮಸ್ಯೆಯ ಬಗ್ಗೆ ಯಾರೂ ಯೋಚಿಸತಕ್ಕದ್ದಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಸಭೆಯಲ್ಲಿ ಹೊಳೆಯುವುದು. ಮುಂದಿನ ವಾರ ಪರೀಕ್ಷಿಸುವುದು. ಎರಡು ದಿನ ಎಲ್ಲರೂ ಫಾರಂ ತುಂಬಿದ್ದೇ ತುಂಬಿದ್ದು.

ಮಂಗಳವಾರ ಸಂಜೆ ಮನೆಗೆ ಬಂದರೆ ಗಂಡ ಕಾಲುಚೀಲ ಒಣಹಾಕುತ್ತಿದ್ದ. ಒಂದು ಜೊತೆಗೆ ಒಂದೇ ಕ್ಲಿಪ್ಪು.

"ಏನ್ರೀ ಇದು, ಮನೇಲಿ ಕ್ಲಿಪ್ಪಿಗೂ ಬರವಾ?"

"ಬಿಡಿಬಿಡಿಯಾಗಿ ಹಾಕಿದ್ರೆ ಆಮೇಲೆ ಜೊತೆ ಹುಡುಕೋಕೆ ನಿಮ್ಮಪ್ಪ ಬರ್ತಾನಾ?"

ಜೋಡಿಯಕ್ಕ ನಿಂತಲ್ಲೇ ನಿಂತಳು. ಅಲ್ಲವೇ ಮತ್ತೆ! ಅಚ್ಚಿನಿಂದ ಇಳಿಯುವಾಗ ಬೂಟು ಜೊತೆಯಾಗಿಯೇ ಇಳಿಯುತ್ತದೆ. ಅದನ್ನು ಬೇರೆ ಬೇರೆ ಬುಟ್ಟಿಗೆ ಹಾಕಿ ಆಮೇಲೆ ಹುಡುಕುವ ಕರ್ಮ ಯಾಕೆ? ಅಲ್ಲೇ ಲೇಸಿಗೆ ಲೇಸು ಗಂಟು ಹಾಕಿದರೆ ಮುಗಿಯಿತು.

ಬುಧವಾರ ಬೆಳಿಗ್ಗೆ ಓಡೋಡಿ ಬಂದಳು. "ಸಾರ್, ನಂಗೊಂದು ಹೊಳೀತು..."

ಮ್ಯಾನೇಜರು ಎರಡೂ ಕೈ ಅಡ್ಡ ಹಿಡಿದರು. "ಅಯ್ಯಯ್ಯೋ, ಹೇಳ್ಬೇಡಿ! ಇವತ್ತು ಕಾವು. ಶುಕ್ರವಾರಕ್ಕೆ ಮುಂಚೆ ಹೊಳೀಬಾರ್ದು."

"ಹೊಳೆದುಬಿಟ್ಟಿದೆಯಲ್ಲ ಸಾರ್!"

"ಮರೆತುಬಿಡಿ."

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ಕೋಳಿಯೂ ಕಾವು ಕೂರುತ್ತದೆ, ನಿಜ. ಆದರೆ ಅದರ ಕೆಳಗೆ ಮೊಟ್ಟೆಯಾದರೂ ಇರುತ್ತದಲ್ಲ!

ಜೋಡಿಯಕ್ಕ ಬಾಯಿಗೆ ಬೀಗ ಹಾಕಿಕೊಂಡಳು, ಕೈಗೆ ಹಾಕಲಿಲ್ಲ. ಆ ದಿನವೇ ಅಚ್ಚಿನ ಕೋಣೆಗೆ ಹೋಗಿ ಕೂತು ಜೊತೆಜೊತೆಗೂ ಗಂಟು ಹಾಕಿದಳು. ಡಬ್ಬಿಗೆ ಹಾಕುವಾಗ ಬಿಚ್ಚಿದಳು. ಮರುದಿನದಿಂದ ಒಂದು ಗಂಟೆ ಮುಂಚೆಯೇ ಬಂದಳು, ಊಟದ ಬಿಡುವನ್ನೂ ಬಿಟ್ಟಳು. ಬೆರಳ ತುದಿ ಸುಲಿದುಹೋಯಿತು.

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಹಾಜರಾದಳು. ಈಗಲಾದರೂ ಬಾಯಿ ಬಿಡಬಹುದಲ್ಲ! ಮ್ಯಾನೇಜರು ನಗುನಗುತ್ತಾ ಕೂತಿದ್ದರು.

"ಸಭೆ ರದ್ದು ಕಣ್ರೀ. ಮೂರು ದಿನದಿಂದ ಡಬ್ಬಿ ಬಿಚ್ಚಿಸಿ ನೋಡಿಸ್ತಿದೀನಿ, ಒಂದು ಜೋಡಿನೂ ತಪ್ಪಿಲ್ಲ. ನೋಡಿದ್ರಾ ಕಾವಿನ ಮಹಿಮೆ? ಯಾರೂ ಯೋಚ್ನೆ ಮಾಡ್ಲಿಲ್ಲ, ಸಮಸ್ಯೆ ತಾನಾಗೇ ಹೋಯ್ತು!" ಒಂದು ಕಾಗದವನ್ನು ಮುಂದೆ ತಳ್ಳಿದರು. "ಮೇಲಿನೋರಿಗೂ ತಿಳಿಸಿದೆ, ತುಂಬಾ ಖುಷಿಪಟ್ರು. ಜೋಡಿ ತಪ್ಪೋದೇ ಇಲ್ಲ ಅಂದ್ಮೇಲೆ ಜೋಡಿ ನೋಡೋರು ಯಾಕೆ ಅಂತ ಕೇಳಿದ್ರು. ಸೋಮವಾರದಿಂದ ನೀವು ಬರೋದು ಬೇಡ."

ಜೋಡಿಯಕ್ಕ ಕಾಗದವನ್ನು ಕೊನೆಯವರೆಗೂ ಓದಿದಳು. ಇಪ್ಪತ್ತೆರಡು ವರ್ಷ! ಕಾಗದ ಮಡಚಿಕೊಂಡು ಒಂದೇ ಒಂದು ಮಾತು ಕೇಳಿದಳು.

"ಸೋಮವಾರದಿಂದ ಲೇಸ್ ಯಾರು ಕಟ್ತಾರೆ ಸಾರ್?"

"ಯಾವ ಲೇಸ್?" ಎಂದರು ಮ್ಯಾನೇಜರು.