ಕೊನೆಯಲ್ಲಿ ಸ್ನಾನ ಮಾಡುವವರು

ಆ ಬಡಾವಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಬಿಸಿನೀರಣ್ಣ. ಗೀಸರ್ ರಿಪೇರಿ ಅವನ ಕಸುಬು. ಮಾತು ಸ್ವಲ್ಪ ಜಾಸ್ತಿ, ಕೆಲಸ ಮಾತ್ರ ಅಚ್ಚುಕಟ್ಟು.

ಯಾರ ಮನೆಗೆ ಹೋದರೂ ಮೊದಲು ಗೀಸರ್ ಮುಟ್ಟುತ್ತಿರಲಿಲ್ಲ. "ಈ ಮನೇಲಿ ಕೊನೇಲಿ ಸ್ನಾನ ಮಾಡೋರು ಯಾರು? ಅವರನ್ನ ಕರೀರಿ" ಎನ್ನುತ್ತಿದ್ದ. ಮನೆಯ ಯಜಮಾನ ನಡುವೆ ಬಾಯಿ ಹಾಕಿ, "ನೀರೇನೋ ಚೆನ್ನಾಗೇ ಕಾಯುತ್ತೆ, ಇವಳಿಗೆ ಸುಮ್ಮನೆ ಹಾಗನ್ಸುತ್ತೆ" ಎಂದರೆ ಬಿಸಿನೀರಣ್ಣನಿಗೆ ಸಿಟ್ಟು ಮೂಗಿನ ತುದಿಗೇ ಬರುತ್ತಿತ್ತು.

"ನೀವು ಮೊದಲು ಸ್ನಾನ ಮಾಡೋರು ಸಾರ್, ನಿಮಗೇನು ಗೊತ್ತಾಗುತ್ತೆ? ಟ್ಯಾಂಕಿನ ತಳದಲ್ಲಿ ಸುಣ್ಣ ತುಂಬ್ಕೊಂಡ್ರೆ ಬಿಸಿನೀರು ಹಿಡಿಯೋದೇ ಕಮ್ಮಿ. ಮೊದಲನೆಯವರಿಗೆ ಮೈ ಸುಡುತ್ತೆ, ಕೊನೆಯವರಿಗೆ ಹಲ್ಲು ಕಟಕಟ ಅನ್ನುತ್ತೆ!"

ಆಮೇಲೆ ಆ ಕೊನೆಯವರನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದ. ನೀರು ಎಷ್ಟು ಬೇಗ ತಣ್ಣಗಾಗುತ್ತದೆ, ಬಣ್ಣ ಹೇಗಿದೆ, ಕಾಯುವಾಗ ಒಳಗೆ ಟಕಟಕ ಸದ್ದು ಬರುತ್ತದೆಯೇ. ಅವರು ಹೇಳುವುದರಲ್ಲೇ ಅರ್ಧ ರಿಪೇರಿ ಮುಗಿದಂತಾಗುತ್ತಿತ್ತು.

ಇಷ್ಟೆಲ್ಲ ಬಲ್ಲ ಈ ಮಹಾನುಭಾವ ತನ್ನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸ್ನಾನ ಮಾಡುತ್ತಿದ್ದ. ಬೆಳಿಗ್ಗೆ ಗಿರಾಕಿಗಳು ಕಾಯುತ್ತಿರುತ್ತಾರಲ್ಲ! ಅವನಾದ ಮೇಲೆ ಇಬ್ಬರು ಹೆಣ್ಣುಮಕ್ಕಳು, ಅವರ ಹಿಂದೆ ಹೆಂಡತಿ. ಎಲ್ಲರದೂ ಮುಗಿದು, ಅಡುಗೆಮನೆ ಒರೆಸಿ, ಪಾತ್ರೆ ತೊಳೆದಿಟ್ಟ ಮೇಲೆ ಅಕ್ಕ.

ಅಕ್ಕ ಅವನಿಗಿಂತ ತುಂಬಾ ದೊಡ್ಡವಳು. ತಾಯಿ ಹಾಸಿಗೆ ಹಿಡಿದಿದ್ದಾಗ ಅವನನ್ನೂ ತಂಗಿಯನ್ನೂ ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಅವನೇ ಹೋಗಿ, "ನಾನಿಲ್ವಾ ಅಕ್ಕ? ನಡಿ ಮನೆಗೆ" ಎಂದು ಕರೆತಂದಿದ್ದ. ಆಗ ಅವನಿಗೆ ತನ್ನ ಬಗ್ಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಬೇಕು.

ಒಂದು ಚಳಿಗಾಲದಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ ಅಕ್ಕ ಬಡಿಸುತ್ತಲೇ ಅಂದಿದ್ದಳು: "ನೀರು ಯಾಕೋ ಬೇಗ ತಣ್ಣಗಾಗ್ಬಿಡುತ್ತೆ ಕಣೋ. ಒಂದ್ಸಲ ನೋಡ್ತೀಯಾ?"

"ನಿಂಗೆ ವಯಸ್ಸಾಯ್ತು ಅಕ್ಕ" ಎಂದ ಬಿಸಿನೀರಣ್ಣ, ತಟ್ಟೆಯಿಂದ ತಲೆ ಎತ್ತದೆ. "ಗೀಸರ್ ಸರಿಯಾಗೇ ಇದೆ, ತಣ್ಣಗಾಗಿರೋದು ನಿನ್ನ ರಕ್ತ. ಅದಕ್ಕೆ ನನ್ನ ಹತ್ರ ಸ್ಪೇರ್ ಪಾರ್ಟ್ ಇಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಹೆಂಡತಿಯೂ ನಕ್ಕಳು. ಅಕ್ಕನೂ ನಕ್ಕು, ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಮರುವರ್ಷ ಚಳಿ ಶುರುವಾಗುವ ಹೊತ್ತಿಗೆ ಅಕ್ಕ, ಸ್ವಲ್ಪ ದಿನ ಇದ್ದು ಬರುತ್ತೇನೆಂದು ತಂಗಿಯ ಮನೆಗೆ ಹೋದಳು. ಸ್ವಲ್ಪ ದಿನ ತಿಂಗಳಾಯಿತು, ತಿಂಗಳು ಎರಡಾಯಿತು. ಫೋನ್ ಮಾಡಿದಾಗಲೆಲ್ಲ "ಬರ್ತೀನಿ ಬಿಡೋ" ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಕೆಲಸದಿಂದ ಬಂದು ಚೀಲ ಇಳಿಸಿದಾಗ "ಬಂದ್ಯೇನೋ?" ಎನ್ನುವ ದನಿಯಿಲ್ಲದೆ ಅವನಿಗೆ ಮನೆಗೆ ಬಂದ ಹಾಗೇ ಆಗುತ್ತಿರಲಿಲ್ಲ.

ಒಂದು ರಜೆಯ ದಿನ ಅವನು ತಡವಾಗಿ ಎದ್ದ. ಉಳಿದವರ ಸ್ನಾನವೆಲ್ಲ ಮುಗಿದಿತ್ತು. ಬಚ್ಚಲಿಗೆ ಹೋಗಿ ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ, ಎರಡು ಚೊಂಬು ಉಗುರುಬೆಚ್ಚಗಿನ ನೀರು ಬಂತು. ಮೂರನೆಯದು ಬೆನ್ನ ಮೇಲೆ ಬಿದ್ದಾಗ ಅವನು ಹೌಹಾರಿದ. ಬಕೆಟ್ಟಿಗೆ ಬಗ್ಗಿ ನೋಡಿದ. ನೀರಿನಲ್ಲಿ ತುಕ್ಕಿನ ಬಣ್ಣವಿತ್ತು. ತಲೆಯ ಮೇಲಿನ ಟ್ಯಾಂಕಿನೊಳಗೆ ಟಕಟಕ ಸದ್ದು. ಪರರ ಮನೆಯಲ್ಲಾಗಿದ್ದರೆ ಹೊಸ್ತಿಲಲ್ಲೇ ನಿಂತು ಇದರ ಜಾತಕ ಹೇಳುತ್ತಿದ್ದ.

ಒದ್ದೆ ತಲೆಯಲ್ಲೇ ಗೀಸರ್ ಇಳಿಸಿ ಬಿಚ್ಚಿದ. ಕಾಯಿಲ್ ಕಾಣದಷ್ಟು ಸುಣ್ಣ ಕಟ್ಟಿತ್ತು, ತಳದಲ್ಲಿ ಮೊಟ್ಟೆಯೋಡಿನ ಹಾಗೆ ಚಕ್ಕೆಗಳ ರಾಶಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ರಾಡು ತಂತಿಯಷ್ಟು ತೆಳ್ಳಗೆ ಸವೆದಿತ್ತು. ಇದು ಒಂದೆರಡು ತಿಂಗಳಲ್ಲಿ ಆಗುವಂಥದ್ದಲ್ಲ.

"ನನಗೂ ಬಿಸಿನೀರು ಅಷ್ಟಕ್ಕಷ್ಟೇ ಬರ್ತಿತ್ತು ರೀ" ಎಂದಳು ಹೆಂಡತಿ, ಮೆಲ್ಲಗೆ. "ನೀವೇ ಮೆಕ್ಯಾನಿಕ್ಕು, ಸರಿಯಾಗಿದೆ ಅಂದಮೇಲೆ ಸರಿಯಾಗೇ ಇರಬೇಕು ಅಂದ್ಕೊಂಡೆ."

ಕಳೆದ ಚಳಿಗಾಲವಿಡೀ ಅಕ್ಕ ಬಚ್ಚಲಿನಿಂದ ಬಂದವಳೇ ಒಲೆಯ ಮುಂದೆ ಕೈ ಚಾಚಿ ನಿಲ್ಲುತ್ತಿದ್ದದ್ದು ಅವನಿಗೆ ಈಗ ನೆನಪಾಯಿತು. ನೋಡಿದ್ದ. ಏನೆಂದು ಕೇಳಿರಲಿಲ್ಲ.

ಅವತ್ತೇ ಹೊಸ ಗೀಸರ್ ತಂದು ಕೂರಿಸಿದ, ಮೊದಲಿನದಕ್ಕಿಂತ ದೊಡ್ಡದು. ಮರುದಿನ ಬೆಳಿಗ್ಗೆಯೇ ತಂಗಿಯ ಮನೆಗೆ ಹೊರಟ.

ಅಕ್ಕ ಕಿಟಕಿಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವನು ಪೀಠಿಕೆಯಿಲ್ಲದೆ ಹೇಳಿಬಿಟ್ಟ: "ಗೀಸರ್ ಕೆಟ್ಟಿತ್ತು ಅಕ್ಕ. ನೀನು ಹೇಳಿದ್ದು ಸರಿ. ಹೊಸದು ಹಾಕಿದ್ದೀನಿ, ಮನೆಗೆ ನಡಿ."

"ಅಯ್ಯೋ, ಅದಕ್ಕೋಸ್ಕರ ಇಷ್ಟು ದೂರ ಬಂದ್ಯಾ?"

"ಅವತ್ತು ನಾನಂದಿದ್ದು ಮನಸ್ಸಿಗೆ ಹಚ್ಕೊಂಡ್ಯಾ?"

"ಇಲ್ಲ ಕಣೋ. ನೀನೇನು ಬೇಕಂತಲೇ ಅಂದ್ಯಾ?" ಅಕ್ಕ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಇನ್ನೊಂದ್ಸಲ ಹೇಳೋಕೆ ಬಾಯೇ ಬರ್ಲಿಲ್ಲ, ಅಷ್ಟೇ."

"ಇನ್ಮೇಲೆ ಏನಿದ್ರೂ ಹೇಳು. ನಾನು ನಗಲ್ಲ."

"ಹೇಳೋಕೇನಿದೆ? ನಿನ್ನ ಮನೇಲಿ ನಂಗೆ ಯಾವುದಕ್ಕೂ ಕಮ್ಮಿ ಇರ್ಲಿಲ್ಲ. ಎಲ್ಲಾ ಚೆನ್ನಾಗಿತ್ತು."

ಅಷ್ಟರಲ್ಲಿ ತಂಗಿ ಟೀ ತಂದು ಇಬ್ಬರಿಗೂ ಕೊಟ್ಟಳು. ಅಕ್ಕ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಏನೇ ಇದು, ಪಾನಕ ಮಾಡಿದ್ದೀಯಾ? ಸಕ್ಕರೆ ಕಮ್ಮಿ ಹಾಕು ಅಂತ ಎಷ್ಟ್ಸಲ ಬಡ್ಕೋಬೇಕು ನಿಂಗೆ?"

"ದಿನಾ ಏನಾದ್ರೂ ಒಂದು ತಗಾದೆ ನಿಂದು" ಎಂದು ತಂಗಿ ಗೊಣಗುತ್ತ ಅವಳ ಲೋಟ ಕಿತ್ತುಕೊಂಡು ಹೋದಳು. "ಬೇರೆ ಮಾಡ್ಕೊಂಡ್ ಬರ್ತೀನಿ, ಇರು ಮಾರಾಯ್ತಿ!"

"ಬಿಸಿಯಾಗಿರ್ಲಿ!" ಎಂದು ಅಕ್ಕ ಅವಳ ಹಿಂದೆಯೇ ಕೂಗಿದಳು. ಆಮೇಲೆ ಅವನ ಕಡೆ ತಿರುಗಿ, "ನಿಂಗೆ ಸಕ್ಕರೆ ಸರಿಯಾಗಿದ್ಯೇನಪ್ಪಾ?" ಎಂದು ಮೆತ್ತಗೆ ಕೇಳಿದಳು.

ಸರಿಯಾಗಿದೆ ಎಂದು ಅವನು ತಲೆಯಾಡಿಸಿದ. ತನ್ನ ಮನೆಯಲ್ಲಿ ಅಕ್ಕ ಯಾರ ಮೇಲಾದರೂ ಹೀಗೆ ರೇಗಿದ್ದು ಅವನಿಗೆ ನೆನಪಾಗಲಿಲ್ಲ. ಮತ್ತೆ ಮನೆಗೆ ಬಾ ಎಂದು ಕರೆಯುವ ಧೈರ್ಯ ಅವನಿಗಾಗಲಿಲ್ಲ.